ಕೆಮ್ಮು: ಇಲ್ಲ

ಹಳೇ ಪಿ.ಬಿ. ರಸ್ತೆಯಲ್ಲಿ ರಾತ್ರಿ ಹತ್ತೂವರೆ.
ಚೌಡಪ್ಪನ ಬಾಣಲೆಯಲ್ಲಿ ಕೊನೆಯ ಸುತ್ತಿನ ಮಿರ್ಚಿ.
ಪಾಲಾಕ್ಷ ಲ್ಯಾಪ್‌ಟಾಪನ್ನು ಮಂಡಕ್ಕಿ ಚೀಲದ ಮೇಲಿಟ್ಟು
ಬೆರಳು ಮಡಚಿ ಎಣಿಸುತ್ತಿದ್ದಾನೆ:
“ಏಳು ಕಂಸ ತೆರೆದೀನಿ, ಏಳು ಮುಚ್ಚೀನಿ,
ಆದ್ರೂ ಇನ್ನೊಂದು ಬೇಕಂತ ಅಳ್ತತಿ ನೋಡು.”

“ಎಂಟನೇದು ಹುಟ್ಟಿದ ಮೇಲೇ ಅಲ್ಲೇನೋ
ಕಂಸನ ಕತೆ ಮುಗಿದಿದ್ದು?” ಅಂದಳು ಮುಬೀನಾ.
ಮೆಣಸಿನಕಾಯಿಯ ತೊಟ್ಟು ಹಿಡಿದು ತೆರೆಯ ಮೇಲೆ
ಒಳಗಿನದರ ಒಳಗೆ ಎಲ್ಲೋ ತೋರಿಸಿದಳು.
ಎಣ್ಣೆಯ ಬೊಟ್ಟೊಂದು ಬಿತ್ತು.
ಬಿದ್ದಲ್ಲೇ ಒಂದು ಕಂಸ ಬಾಯಿ ತೆರೆದುಕೊಂಡಿತ್ತು.

ಮೂವರೂ ನಕ್ಕೆವು. ಹಾಗೆ ನಗುವ ಹೊತ್ತು ಅದು.
ಹಗಲೆಲ್ಲ ಯಾರದೋ ಬಿಲ್ಲು, ಯಾರದೋ ಜಿಎಸ್‌ಟಿ;
ರಾತ್ರಿ ಮಾತ್ರ ಈ ಮುದಿ ಭಾಷೆ, ಲಿಸ್ಪ್.
ಕೂಡು, ಎರಡು, ಮೂರು.
ನಮ್ಮ ಮಾತಿನಲ್ಲಿ ಕೊನೆಗೆ ಬರುವ ಕ್ರಿಯಾಪದ
ಅಲ್ಲಿ ಬಾಗಿಲಲ್ಲೇ ನಿಂತಿರುತ್ತದೆ,
ಚಪ್ಪಲಿ ಬಿಡುವ ಮೊದಲೇ ಕೆಲಸ ಹೇಳುವ ಅತ್ತೆಯ ಹಾಗೆ.

ಮುಬೀನಾಳದು ಬೇರೆ ಕಾಟ.
ಭಟ್ಟಿ ಬಡಾವಣೆಯ ಮುನ್ನೂರ ನಲವತ್ತು ಮಂದಿಯ ಪಟ್ಟಿ:
ಮನೆ, ವಯಸ್ಸು, ಹೊಗೆಯಲ್ಲಿ ಎಷ್ಟು ವರ್ಷ, ಕೆಮ್ಮು ಉಂಟೋ.
ಮರದ ಹಾಗೆ ಕವಲೊಡೆದದ್ದನ್ನು
ಒಂದೇ ಎಳೆಯಾಗಿ ನೂತು ಕಡತಕ್ಕೆ ಸುತ್ತಬೇಕು,
ಆಸ್ಪತ್ರೆಯ ಕಂಪ್ಯೂಟರು ಅದನ್ನು ಬಿಚ್ಚಿ
ಮತ್ತೆ ಮರ ಮಾಡಿಕೊಳ್ಳಬೇಕು.

“ಮಂಡಕ್ಕಿ ಹುರಿದಂಗೆ,” ಅಂದ ಪಾಲಾಕ್ಷ.
“ಮಂಡಕ್ಕಿ ತಿರುಗಿ ಅಕ್ಕಿ ಆಕ್ಕತೇನು?”
ಚೌಡಪ್ಪ ಜಾಲರಿ ಸೌಟು ಕೊಡವುತ್ತ ಬಾಯಿ ಹಾಕಿದ:
“ತೋಯಿಸಿದ್ರೆ ಮೆತ್ತಗಾಕ್ಕತಿ. ಅಷ್ಟೆ.”

ಹೋದದ್ದು ಮುನ್ನೂರ ನಲವತ್ತು, ಬಂದದ್ದೂ ಅಷ್ಟೇ.
ಹೆಸರು ಸರಿ, ಒತ್ತಕ್ಷರ ಸಮೇತ.
ಖದೀಜಾಬಿಯ ಮನೆ ನಂಬರಿನ ಮೊದಲ ಸೊನ್ನೆ ಮಾತ್ರ
ದಾರಿಯಲ್ಲೆಲ್ಲೋ ಉದುರಿತ್ತು, ಹೆಕ್ಕಿಕೊಂಡೆವು.
ಕೆಮ್ಮಿನ ಕಾಲಂ ನೋಡಿ ನಾನು ಮಿರ್ಚಿ ಕೆಳಗಿಟ್ಟೆ.
ಇಲ್ಲ. ಇಲ್ಲ. ಇಲ್ಲ. ಇಲ್ಲ.
ಇಡೀ ಭಟ್ಟಿ ಬಡಾವಣೆಯಲ್ಲಿ
ಹದಿನೇಳು ಜನ ಬಿಟ್ಟರೆ ಯಾರಿಗೂ ಕೆಮ್ಮಿಲ್ಲ.

ಲಿಸ್ಪಿಗೆ ಇರುವುದು ಒಂದೇ ಇಲ್ಲ.
ಖಾಲಿ ಪಟ್ಟಿಯೂ ಅದೇ, ಸುಳ್ಳೂ ಅದೇ,
ಕೇಳಲು ಮರೆತು ಬಿಟ್ಟ ಜಾಗವೂ ಅದೇ.
ಎಳೆ ಬಿಚ್ಚಿದ ಆ ಕಡೆಯ ಯಂತ್ರ
ಅನುಮಾನವೇ ಇಲ್ಲದೆ ಓದಿಕೊಂಡಿತ್ತು.

“ನಮ್ಮವ್ವಗ ಚಾ ಬೇಕೇನು ಅನ್ನು,” ಅಂದ ಪಾಲಾಕ್ಷ,
“ಬ್ಯಾಡ ಅಂತಾಳ, ಒಲ್ಲೆ ಅಂತಾಳ,
ಇಲ್ಲಪಾ ಈಗಷ್ಟೇ ಆತು ಅಂತಾಳ.
ಸಕ್ರಿ ಮುಗಿದಿದ್ರೆ ಅದಕ್ಕೇ ಒಂದು ಬ್ಯಾರೆ ದನಿ ಐತಿ.
ಎಲ್ಲಾನೂ ಒಂದೇ ಡಬ್ಬಿಗೆ ತುಂಬಿದ್ರ ಹೆಂಗ?”

ಮುಬೀನಾ ಮಾತಾಡಲಿಲ್ಲ.
ಹಾಳೆ ಹಿಡಿದು ಮನೆ ಮನೆ ತಿರುಗಿದವಳು ಅವಳೇ.
ಕೆಲವರು ಒಲೆಯಿಂದ ತಲೆ ಎತ್ತಿರಲಿಲ್ಲ,
ಒಬ್ಬಾಕೆ ಮಾಲಕನ ಕಡೆ ನೋಡಿ ಸೆರಗು ಬಾಯಿಗೊತ್ತಿದ್ದಳು,
ಕೊನೆಯ ಎರಡು ಸಾಲಿನ ಮನೆಗಳಿಗೆ, ಕತ್ತಲಾಯಿತೆಂದು,
ಅವಳು ಹೋಗಿಯೇ ಇರಲಿಲ್ಲ.

ಆಮೇಲೆ ಟೈಪು ಮಾಡಿದಳು.
ಪದದ ಹೆಗಲ ಮೇಲೆ ಒಂದು ಗೀಟು ಕೂರಿಸಿದರೆ
ಯಂತ್ರ ಅದನ್ನು ಅರೆಯುವುದಿಲ್ಲ,
ಇದ್ದ ಹಾಗೇ ಅಂಗೈಯಲ್ಲಿ ಹಿಡಿದುಕೊಳ್ಳುತ್ತದೆ:

'ಕೇಳಿಲ್ಲ
      'ಹೇಳಲಿಲ್ಲ
            'ಹೇಳಲಾಗಲಿಲ್ಲ

ಹದಿನೇಳು ಹದಿನೇಳಾಗಿಯೇ ಉಳಿಯಿತು.
ಮಿಕ್ಕ ಮುನ್ನೂರ ಇಪ್ಪತ್ತಮೂರರಲ್ಲಿ
ನಿಜವಾದ ಇಲ್ಲ ಎಷ್ಟೋ,
ಅದಕ್ಕೆ ಮತ್ತೆ ನಡೆದೇ ಹೋಗಬೇಕು.

ಚೌಡಪ್ಪ ಒಲೆ ಆರಿಸಿದ. ಎಷ್ಟಾತು ಅಂದೆ.
“ಹನ್ನೆರಡು ಮಿರ್ಚಿ. ಮಂಡಕ್ಕಿ ಇಲ್ಲ.”
ನಾವು ತಿಂದಿಲ್ಲ ಅಂತಲೋ, ಚೀಲ ಮುಗಿಯಿತು ಅಂತಲೋ,
ತಿಂದರೂ ಲೆಕ್ಕಕ್ಕಿಲ್ಲ ಅಂತಲೋ
ಕೇಳಬೇಕು ಅನ್ನುವಷ್ಟರಲ್ಲಿ
ಬಾಣಲೆಗೆ ಬೆನ್ನು ತಿರುಗಿಸಿ ಕೆಮ್ಮತೊಡಗಿದ,
ಒಂದು ಕೈ ಗೋಡೆಗೆ ಕೊಟ್ಟು.

ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ ಮುಬೀನಾ
ಅರ್ಧಕ್ಕೇ ನಿಂತಳು.